ಬೈಟು ಲೆಕ್ಕ: ಇಬ್ಬರೇ ಹೋಟೆಲ್‌ಗೆ ಹೋದಾಗ

ಬೆಂಗಳೂರಿನ ತಿಂಡಿ ಹೋಟೆಲ್‌ಗಳಿಗೆ ಇಬ್ಬರು ಅನ್ನುವುದು ಹದವಾದ ಲೆಕ್ಕ. ಒಬ್ಬರೇ ಹೋದರೆ ಒಂದು ಇಡ್ಲಿ-ವಡೆ, ಒಂದು ದೋಸೆಗೇ ಹೊಟ್ಟೆ ತುಂಬಿಹೋಗುತ್ತದೆ. ನಾಲ್ಕು ಜನ ಹೋದರೆ ಜಾಗ ಸಿಗುವುದೇ ಕಷ್ಟ. ಗಂಡ-ಹೆಂಡತಿ ಇಬ್ಬರೇ ಹೋದರೆ ನಾಲ್ಕು ಬಗೆ ರುಚಿ ನೋಡಿ, ಹೊಟ್ಟೆ ಭಾರವಾಗದೆ ಎದ್ದು ಬರಬಹುದು. ನಾವು ವರ್ಷಗಳಿಂದ ಪಾಲಿಸುತ್ತಿರುವ ಪದ್ಧತಿ ಒಂದೇ: ಏನು ಹೇಳಿದರೂ ಒಂದೇ ಪ್ಲೇಟ್ ಹೇಳುವುದು, ಬಿಸಿಯಿರುವಾಗಲೇ ಇಬ್ಬರೂ ತಿಂದು ಮುಗಿಸುವುದು, ಅದು ಮುಗಿಯುವ ಹೊತ್ತಿಗೆ ಮುಂದಿನದು ಬರುವ ಹಾಗೆ ನೋಡಿಕೊಳ್ಳುವುದು. ಬೈಟು ಕಾಫಿ, ಅಂದರೆ ಒಂದು ಕಾಫಿಯನ್ನು ಇಬ್ಬರು ಹಂಚಿಕೊಳ್ಳುವುದು, ಈ ಊರಿನ ಹಳೇ ರೂಢಿ. ಅದನ್ನೇ ಇಡೀ ತಿಂಡಿಗೆ ಎಳೆದುಕೊಂಡಿದ್ದೇವೆ.

ಎಲ್ಲರೂ ಮಾಡುವ ತಪ್ಪು, ಕೂತ ತಕ್ಷಣ ಎಲ್ಲವನ್ನೂ ಒಟ್ಟಿಗೆ ಹೇಳಿಬಿಡುವುದು. ಅಡುಗೆಮನೆಯಲ್ಲಿ ಇಡ್ಲಿ, ವಡೆ, ಖಾರಾಬಾತ್ ಸಿದ್ಧವಿರುತ್ತವೆ, ಎರಡೇ ನಿಮಿಷಕ್ಕೆ ಬರುತ್ತವೆ. ಅದರ ಹಿಂದೆಯೇ ದೋಸೆಯೂ ಬಂದರೆ ಒಂದು ಕೈ ಇಡ್ಲಿಗೆ, ಕಣ್ಣು ದೋಸೆಗೆ. ಇಡ್ಲಿ ಮುಗಿಸಿ ದೋಸೆಗೆ ಕೈ ಹಾಕುವಷ್ಟರಲ್ಲಿ ಅದು ಮೆತ್ತಗಾಗಿರುತ್ತದೆ. ಆಮೇಲೆ ಹೋಟೆಲ್‌ನವರನ್ನು ಬೈದರೆ ಏನು ಬಂತು?

ಇಬ್ಬರಿಗೆ ನಮ್ಮ ಅಳತೆ ಹೀಗೆ: ಮೊದಲು ಒಂದು ಪ್ಲೇಟ್ ಇಡ್ಲಿ, ಅಂದರೆ ಎರಡು, ಜೊತೆಗೆ ಒಂದು ವಡೆ. ಆಮೇಲೆ ಒಂದು ಚೌಚೌಬಾತ್, ಅಂದರೆ ಒಂದೇ ಪ್ಲೇಟಿನಲ್ಲಿ ಖಾರಾಬಾತ್ ಮತ್ತು ಕೇಸರಿಬಾತ್. ಆಮೇಲೆ ಒಂದು ಮಸಾಲೆ ದೋಸೆ. ಕೊನೆಗೆ ಬೈಟು ಕಾಫಿ. ಹಸಿವು ಜೋರಾಗಿದ್ದರೆ ಚೌಚೌಬಾತ್ ಬಿಟ್ಟು ಎರಡನೇ ದೋಸೆ ಹೇಳುತ್ತೇವೆ, ಆದರೆ ಮೊದಲನೆಯದು ಮುಗಿಯುವ ತನಕ ಹೇಳುವುದಿಲ್ಲ. ನಿಂತು ತಿನ್ನುವ ಸಾಧಾರಣ ದರ್ಶಿನಿ ಹೋಟೆಲಿನಲ್ಲಿ ಇಷ್ಟಕ್ಕೆ 200ರಿಂದ 260 ರೂಪಾಯಿ ಆಗುತ್ತದೆ.

ಚೌಚೌಬಾತ್ ತಿನ್ನುವುದರಲ್ಲೂ ಕ್ರಮವಿದೆ. ಖಾರಾಬಾತ್ ಆರಿದರೆ ರವೆ ಗಟ್ಟಿಯಾಗಿ ಗಂಟಲಲ್ಲಿ ನಿಲ್ಲುತ್ತದೆ, ಆದ್ದರಿಂದ ಅದು ಮೊದಲು. ಕೇಸರಿಬಾತ್ ಉಗುರುಬೆಚ್ಚಗಿದ್ದರೂ ಚೆನ್ನ. ಆದರೆ ಅದನ್ನು ಕಾಫಿಗೆ ಮುಂಚೆ ಕೊನೆಯ ತುತ್ತಾಗಿ ಉಳಿಸಿಕೊಂಡರೆ ಕಾಫಿ ಸಪ್ಪೆಯೂ ಕಹಿಯೂ ಆಗಿ ಕಾಣುತ್ತದೆ. ನಾವು ಕೇಸರಿಯನ್ನು ಖಾರಾಬಾತ್ ಮತ್ತು ದೋಸೆಯ ನಡುವೆ ಮುಗಿಸುತ್ತೇವೆ. ದೋಸೆಯ ಖಾರ ನಾಲಿಗೆಯನ್ನು ತೊಳೆದ ಮೇಲೆ ಕಾಫಿ ಕಾಫಿಯಂತೆಯೇ ಇರುತ್ತದೆ.

ಎಂಜಲಿನ ವಿಷಯವನ್ನೂ ಹೇಳಿಬಿಡುತ್ತೇವೆ, ಇದು ಎಷ್ಟೋ ಮನೆಗಳಲ್ಲಿ ಮುಖ್ಯ. ಒಂದೇ ತಟ್ಟೆಯಲ್ಲಿ ಕೈ ಹಾಕುವುದು ಇಷ್ಟವಿಲ್ಲದಿದ್ದರೆ ಹೇಳುವಾಗಲೇ ಒಂದು ಎಕ್ಸ್‌ಟ್ರಾ ಪ್ಲೇಟ್ ಕೇಳಿ. ತಿನ್ನಲು ಶುರುಮಾಡುವ ಮೊದಲೇ, ಬಾಯಿಗಿಡದ ಚಮಚದಲ್ಲಿ ಪಾಲು ಮಾಡಿಕೊಳ್ಳಿ. ಅರ್ಧ ತಿಂದ ಮೇಲೆ ಪ್ಲೇಟ್ ಕೇಳಿದರೆ ಪ್ರಯೋಜನವಿಲ್ಲ.

ಇನ್ನು ದೋಸೆ. ಮಸಾಲೆ ದೋಸೆಯ ಗರಿ ತಟ್ಟೆಗೆ ಬಂದ ಮೇಲೆ ಹೆಚ್ಚೆಂದರೆ ನಾಲ್ಕೈದು ನಿಮಿಷ. ಒಳಗಿನ ಆಲೂಗಡ್ಡೆ ಪಲ್ಯದ ಹಬೆ ಹೊರಗೆ ಹೋಗಲು ದಾರಿಯಿಲ್ಲದೆ ಮಡಿಕೆಯಲ್ಲೇ ನೀರಾಗುತ್ತದೆ. ಹೊರಗಿನಿಂದ ಚಟ್ನಿಯ ನೀರು ಹೀರಿಕೊಳ್ಳುತ್ತದೆ. ಕೆಳಗೆ ತಟ್ಟೆಯ ತಣ್ಣನೆ ತಳ ಬೇರೆ. ಒಬ್ಬರೇ ಒಂದು ದೋಸೆ ತಿನ್ನಲು ಎಂಟು-ಹತ್ತು ನಿಮಿಷ ಬೇಕು, ಕೊನೆಯ ಅರ್ಧ ಯಾವಾಗಲೂ ಮೆತ್ತಗೆ. ಇಬ್ಬರು ಹಂಚಿಕೊಂಡರೆ ಇಡೀ ದೋಸೆ ಗರಿಗರಿಯಾಗಿರುವಾಗಲೇ ಮುಗಿಯುತ್ತದೆ. ಎರಡು ದೋಸೆ ತಿನ್ನುವ ಹಸಿವಿದ್ದರೂ ಒಂದಾದ ಮೇಲೊಂದು ಹೇಳುವುದು ಇದೇ ಕಾರಣಕ್ಕೆ.

ಪಾಲು ಮಾಡುವಾಗ ಮಡಿಕೆಯ ಉದ್ದಕ್ಕೆ ಹರಿಯಬೇಡಿ. ಹಾಗೆ ಮಾಡಿದರೆ ಪಲ್ಯವೆಲ್ಲ ಒಂದು ಕಡೆ ಉಳಿದು, ಇನ್ನೊಬ್ಬರಿಗೆ ಬರೀ ಹೊದಿಕೆ ಸಿಗುತ್ತದೆ. ಮಡಿಕೆಗೆ ಅಡ್ಡಲಾಗಿ, ನಟ್ಟನಡುವೆ ಚಮಚದ ಅಂಚಿನಿಂದ ಒತ್ತಿ ಕತ್ತರಿಸಿ. ಇಬ್ಬರಿಗೂ ಗರಿ ಅಂಚು, ನಡುವಿನ ಮೆದು, ಕೆಂಪು ಚಟ್ನಿ, ಪಲ್ಯ ಸಮನಾಗಿ ಬರುತ್ತವೆ. ಕತ್ತರಿಸಿದ ಬಾಯಿಂದ ಹಬೆಯೂ ಹೊರಗೆ ಹೋಗುತ್ತದೆ. ಬಿಳಿ ಚಟ್ನಿ ಬಡಿಸುವವರು ಬಂದಾಗ ಪಕ್ಕಕ್ಕೆ ಹಾಕಿ ಎಂದು ಮೊದಲೇ ಹೇಳಬೇಕು, ದೋಸೆಯ ಮೇಲೆ ಬಿದ್ದ ಮೇಲೆ ಮಾಡುವಂಥದ್ದೇನೂ ಇಲ್ಲ.

ದೋಸೆ ಯಾವಾಗ ಹೇಳಬೇಕು ಅನ್ನುವುದಕ್ಕೆ ಕಾವಲಿ ನೋಡಬೇಕು. ದರ್ಶಿನಿಗಳಲ್ಲಿ ಅದು ಕಣ್ಣೆದುರೇ ಇರುತ್ತದೆ. ಭಟ್ಟರು ದೊಡ್ಡ ಕಾವಲಿಯ ಮೇಲೆ ನೀರು ಚಿಮುಕಿಸಿ ಹಿಡಿ ಪೊರಕೆಯಿಂದ ಗುಡಿಸುತ್ತಾರೆ, ಚೊರ್ ಎಂದು ಹಬೆ ಏಳುತ್ತದೆ, ಆಮೇಲೆ ಸಾಲಾಗಿ ಹತ್ತು-ಹನ್ನೆರಡು ಸೌಟು ಹಿಟ್ಟು ಹುಯ್ದು ತಿರುವುತ್ತಾರೆ. ಅದೊಂದು ಒಬ್ಬೆ. ಹಿಟ್ಟು ಹುಯ್ದಾದ ಮೇಲೆ ಟೋಕನ್ ಕೊಟ್ಟರೆ, ಆ ಒಬ್ಬೆಯ ದೋಸೆಗಳೆಲ್ಲ ಆಗಲೇ ಬೇರೆಯವರ ಪಾಲಾಗಿರುತ್ತವೆ, ನಿಮ್ಮದು ಮುಂದಿನ ಒಬ್ಬೆಗೆ. ನೀರು ಚಿಮುಕಿಸುವ ಹೊತ್ತಿಗೆ ಟೋಕನ್ ಕೌಂಟರ್ ಮೇಲಿರಬೇಕು. ಕೂತು ತಿನ್ನುವ ಹೋಟೆಲ್‌ನಲ್ಲಿ ಕಾವಲಿ ಕಾಣುವುದಿಲ್ಲವಲ್ಲ, ಅಲ್ಲಿ ಎರಡು ಇಡ್ಲಿಯಲ್ಲಿ ಒಂದು ಮುಗಿದಾಗ ದೋಸೆ ಹೇಳುತ್ತೇವೆ. ಭಾನುವಾರದ ನೂಕುನುಗ್ಗಲಿದ್ದರೆ ಇನ್ನೂ ಸ್ವಲ್ಪ ಮುಂಚೆ.

1980ರ ದಶಕದಲ್ಲಿ ಜಯನಗರದಲ್ಲಿ ಶುರುವಾದ ದರ್ಶಿನಿ ಮಾದರಿಯಲ್ಲಿ ಮೊದಲು ದುಡ್ಡು, ಆಮೇಲೆ ತಿಂಡಿ, ನಿಂತುಕೊಂಡೇ ತಿನ್ನುವುದು. ಇಲ್ಲಿ ಇಬ್ಬರಿರುವುದು ಬಹಳ ಅನುಕೂಲ. ಒಬ್ಬರು ಕ್ಯಾಷ್ ಕೌಂಟರ್ ಸಾಲಿಗೆ, ಇನ್ನೊಬ್ಬರು ಕಲ್ಲಿನ ಕಟ್ಟೆಯಲ್ಲೋ ಎತ್ತರದ ಟೇಬಲ್ಲಿನಲ್ಲೋ ಜಾಗ ಹಿಡಿಯಲು. ಜಾಗ ಹಿಡಿದವರೇ ನೀರನ್ನೂ ತಂದಿಟ್ಟುಕೊಳ್ಳಬೇಕು. ಬಿಲ್ ಮಾಡಿಸುವಾಗ ಕಾಫಿಯನ್ನೂ ಸೇರಿಸಿ ಬಿಡಿ, ಆದರೆ ಅದರ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ತಿಂಡಿ ಮುಗಿದ ಮೇಲೆ ಕಾಫಿ ಕೌಂಟರ್‌ಗೆ ಕೊಡಿ. ಇಲ್ಲದಿದ್ದರೆ ಬರೀ ಬೈಟು ಕಾಫಿಗಾಗಿ ಮತ್ತೊಮ್ಮೆ ಕ್ಯಾಷ್ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಎಲ್ಲಾ ಒಂದೇ ಚೀಟಿಯಲ್ಲಿ ಬಂದರೆ, ಕೌಂಟರ್‌ನವರು ಕೊಟ್ಟ ತಿಂಡಿಗೆ ಗೀಟು ಹಾಕಿ ಚೀಟಿ ವಾಪಸ್ ಕೊಡುತ್ತಾರೆ. ಅದನ್ನು ಮರೆಯದೆ ಇಸಿದುಕೊಳ್ಳಿ.

ಕೂತು ತಿನ್ನುವ ಹಳೇ ಹೋಟೆಲ್‌ಗಳಲ್ಲಿ ನಾಲ್ಕು ಜನರ ಟೇಬಲ್ಲಿಗೆ ಇಬ್ಬರೇ ಹೋದರೆ ಬೇರೆ ಇಬ್ಬರು ಬಂದು ಕೂರುವುದು ಸಹಜ. ಅದಕ್ಕೆ ಮುಖ ಸಿಂಡರಿಸುವುದು ಬೇಡ. ಎದುರುಬದುರು ಕೂತರೆ ಹಂಚಿಕೊಳ್ಳುವ ತಟ್ಟೆ ಟೇಬಲ್ಲಿನ ನಡುವೆ ಬರುತ್ತದೆ, ಅಪರಿಚಿತರ ಚಟ್ನಿ ಬಟ್ಟಲಿನ ಮೇಲೆ ಕೈ ಚಾಚಬೇಕಾಗುತ್ತದೆ. ಅಕ್ಕಪಕ್ಕ ಕೂತುಬಿಟ್ಟರೆ ತಟ್ಟೆ ನಿಮ್ಮಿಬ್ಬರ ನಡುವೆಯೇ ಇರುತ್ತದೆ.

ಹೋಗುವ ಮುಂಚೆ ರಜೆ ನೋಡಿಕೊಳ್ಳಿ. ಗಾಂಧಿಬಜಾರಿನಲ್ಲಿ 1943ರಿಂದ ಇರುವ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ. ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಭಾನುವಾರ. ಹಳೇ ಟಿಫಿನ್ ರೂಮುಗಳು ಮಧ್ಯಾಹ್ನ ಕೆಲವು ಗಂಟೆ ಬಾಗಿಲು ಹಾಕುತ್ತವೆ, ಹನ್ನೆರಡರ ಮೇಲೆ ದೋಸೆಗೆಂದು ಹೊರಟರೆ ಬೀಗ ನೋಡಿಕೊಂಡು ಬರಬೇಕಾದೀತು. ವಾರಾಂತ್ಯದಲ್ಲಿ ಬೆಳಗ್ಗೆ 8ರ ಒಳಗೆ ಹೋದರೆ ಕಾಯುವುದು ಕಡಿಮೆ. 9ರಿಂದ 11ರವರೆಗೆ ಎಲ್ಲಾ ಕಡೆ ಜಾತ್ರೆ.

ಪದ್ಧತಿ ಎಲ್ಲಾ ಕಡೆ ಒಂದೇ ಥರ ನಡೆಯುವುದಿಲ್ಲ. ಬ್ರಾಹ್ಮಿನ್ಸ್‌ನಲ್ಲಿ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ ಇಷ್ಟೇ. ದೋಸೆಯಿಲ್ಲ, ಸಾಂಬಾರಿಲ್ಲ, ಚಟ್ನಿಯೇ ಎಲ್ಲಾ. ಅಲ್ಲಿ ಬಿಸಿ ಕಾಯುವ ಗೋಜಿಲ್ಲ, ಒಂದು ಇಡ್ಲಿ-ವಡೆ ಮುಗಿಸಿ, ಬೇಕೆನಿಸಿದರೆ ಮತ್ತೊಂದು. ಚಟ್ನಿಯನ್ನು ಮೊದಲ ಸಲವೇ ಜಾಸ್ತಿ ಹಾಕಿಸಿಕೊಳ್ಳುವುದು ಬೇಡ, ಎಷ್ಟು ಸಲ ಕೇಳಿದರೂ ಹಾಕುತ್ತಾರೆ. ಎಂಟಿಆರ್‌ನಲ್ಲಿ ನಾವು ತಪ್ಪದೆ ಹೇಳುವುದು ರವೆ ಇಡ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ತತ್ವಾರ ಬಂದಾಗ ಅಲ್ಲಿಯ ಅಡುಗೆಮನೆಯಲ್ಲಿ ಹುಟ್ಟಿದ್ದು ಎಂದು ಅವರೇ ಹೇಳುತ್ತಾರೆ. ಅಕ್ಕಿ ಇಡ್ಲಿಗಿಂತ ಅದು ದಪ್ಪ, ಭಾರ, ಮೇಲೆ ತುಪ್ಪ. ಇಬ್ಬರಿಗೆ ಒಂದು ಧಾರಾಳ ಸಾಕು. ತುಪ್ಪವನ್ನು ಒಂದೇ ಸಲ ಸುರಿದುಕೊಳ್ಳದೆ ಇಡ್ಲಿಯನ್ನು ನಾಲ್ಕು ತುಂಡು ಮಾಡಿ ಒಂದೊಂದಕ್ಕೇ ಹಾಕಿಕೊಂಡರೆ ಒಳಗಿನವರೆಗೂ ಇಳಿಯುತ್ತದೆ.

ಬೈಟು ಕಾಫಿಯಲ್ಲಿ ಆಗುವ ತೊಂದರೆ ಎರಡು. ಒಂದು, ಅಳತೆ ಚಿಕ್ಕದಾದ್ದರಿಂದ ಬೇಗ ಆರುತ್ತದೆ. ಸ್ಟೀಲ್ ಲೋಟ-ಬಟ್ಟಲು ಬಿಸಿಯನ್ನು ಎಳೆದುಕೊಳ್ಳುವುದು ಬೇಗ, ಅದಕ್ಕೇ ಬೈಟು ಹೇಳಿದಾಗ ಗಾಜಿನ ಲೋಟ ಇದ್ದರೆ ಅದೇ ಒಳ್ಳೆಯದು. ಎರಡು, ಸಕ್ಕರೆ. ಬಹಳ ಕಡೆ ಲೋಟದ ತಳಕ್ಕೆ ಸಕ್ಕರೆ ಮೊದಲೇ ಹಾಕಿ ಸಾಲಾಗಿ ಜೋಡಿಸಿಟ್ಟಿರುತ್ತಾರೆ, ಮೇಲೆ ಡಿಕಾಕ್ಷನ್, ಅದರ ಮೇಲೆ ಹಾಲು. ಒಂದು ಲೋಟದ್ದನ್ನು ಹಾಗೇ ಎರಡಕ್ಕೆ ಬಗ್ಗಿಸಿದರೆ ಮೇಲಿನ ಅರ್ಧ ಸಪ್ಪೆ, ಕೆಳಗಿನ ಅರ್ಧ ಪಾಯಸ. ಕಾಫಿ ಕೊಡುವವರಿಗೆ ಎರಡು ಸಲ ಎತ್ತಿ ಹುಯ್ಯಿರಿ ಎಂದು ಹೇಳಿ, ಇಲ್ಲವೇ ನೀವೇ ಹುಯ್ದುಕೊಳ್ಳಿ. ಸಕ್ಕರೆ ಬೇಡದವರು ಚೀಟಿ ಕೊಡುವಾಗಲೇ ಹೇಳಬೇಕು. ಜನಜಂಗುಳಿಯಲ್ಲಿ ಬೈಟು ಮಾಡಲ್ಲ ಎಂದರೆ ಬೇಸರವಿಲ್ಲ, ಒಂದು ಕಾಫಿ, ಒಂದು ಖಾಲಿ ಲೋಟ ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ.

ಮಧ್ಯಾಹ್ನದ ಊಟಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಬೇಕಾದಷ್ಟು ಬಡಿಸುವ ಫುಲ್ ಮೀಲ್ಸ್ ಹಂಚಿಕೊಳ್ಳುವಂತಿಲ್ಲ ಎಂದು ಹೆಚ್ಚಿನ ಕಡೆ ಬೋರ್ಡೇ ಇರುತ್ತದೆ, ಅದು ನ್ಯಾಯವೂ ಹೌದು. ಎರಡು ಎಲೆ ಹಾಕಿಸಿಕೊಳ್ಳಿ, ಅಷ್ಟು ಹಸಿವಿಲ್ಲದಿದ್ದರೆ ಇಬ್ಬರೂ ಮಿನಿ ಮೀಲ್ಸ್ ಅಥವಾ ಬಿಸಿಬೇಳೆಬಾತ್‌ಗೆ ಹೋಗಿ. ಬೆಳಗ್ಗೆ ತಿಂಡಿ ಜೋರಾಗಿ ಮಾಡಿ ಅದೇ ದಿನ ಎಲೆ ಊಟಕ್ಕೆ ಹೋಗುವುದು ದುಡ್ಡು ದಂಡ.

ಮಾಂಸದೂಟದ ಮಿಲಿಟರಿ ಹೋಟೆಲ್‌ಗಳಲ್ಲಿ ಮತ್ತೆ ಹಂಚಿಕೊಳ್ಳುವ ಲೆಕ್ಕವೇ ಚೆನ್ನ. ಒಂದು ಮುದ್ದೆ ಊಟ, ಒಂದು ದೊನ್ನೆ ಬಿರಿಯಾನಿ, ಒಂದು ಚಾಪ್ಸ್, ಕಾಲಿನ ಸೂಪ್ ಬೈಟು. ಇದರಲ್ಲೂ ಮುದ್ದೆ ಮೊದಲು. ಬಿಸಿಯಿರುವಾಗ ತುತ್ತು ಮುರಿದು ಸಾರಲ್ಲಿ ಅದ್ದಿ ನುಂಗಿದರೆ ಜಾರುತ್ತದೆ, ಆರಿದರೆ ಮೇಲೆ ಪೊರೆ ಕಟ್ಟಿ ಕೈಗೇ ಬಿರುಸಾಗುತ್ತದೆ. ಬಿರಿಯಾನಿ ಜೀರಿಗೆ ಸಾಂಬಾ ಅಕ್ಕಿಯದು, ಪುದೀನ-ಕೊತ್ತಂಬರಿಯ ಹಸಿರು ಮಸಾಲೆ, ದೊನ್ನೆಯಲ್ಲಿ ಹತ್ತು ನಿಮಿಷ ಕಾದರೂ ಕೆಡುವುದಿಲ್ಲ. ಭಾನುವಾರ ಹನ್ನೆರಡೂವರೆ ಒಳಗೆ ಹೋಗಬೇಕು. ತಲೆಮಾಂಸ, ಬೋಟಿ, ಖೈಮಾ ಉಂಡೆ ಮೊದಲು ಖಾಲಿಯಾಗುವಂಥವು. ಕೂತ ತಕ್ಷಣ ಏನಿದೆ ಎಂದು ಕೇಳಿ, ಗೋಡೆ ಮೇಲಿನ ಪಟ್ಟಿ ನೋಡಿ ಹೇಳುವುದರಲ್ಲಿ ಅರ್ಥವಿಲ್ಲ.

ರಾತ್ರಿ ಬಡಾವಣೆಯ ಫ್ಯಾಮಿಲಿ ರೆಸ್ಟೋರೆಂಟ್‌ಗೆ ಹೋದರೆ ಒಂದು ಸೂಪ್ ಒನ್ ಬೈ ಟು, ಒಂದು ಗ್ರೇವಿ, ಮೊದಲು ಎರಡೇ ರೋಟಿ. ಎರಡು ಗ್ರೇವಿ ಹೇಳಿದರೆ ಒಂದು ಉಳಿದೇ ಉಳಿಯುತ್ತದೆ. ನಾನ್ ಆರಿದರೆ ತೊಗಲಿನಂತೆ ಜಗ್ಗುತ್ತದೆ, ಎರಡೆರಡೇ ತರಿಸಿ. ಕೊನೆಗೆ ಒಂದು ಮೊಸರನ್ನವೋ ಜೀರಾ ರೈಸೋ ಹಂಚಿಕೊಂಡರೆ ಊಟ ಪೂರ್ತಿ. ನೀರು ಬಾಟಲ್ ಬೇಕಾ ಎಂದು ಕೇಳದೆ ತಂದಿಟ್ಟರೆ, ಮುಚ್ಚಳ ತೆಗೆಯುವ ಮೊದಲೇ ಸಾದಾ ನೀರೋ ಬಿಸಿನೀರೋ ಸಾಕು ಎಂದುಬಿಡಿ.

ಬಿಲ್ ಬಂದಾಗ ಮೂರು ಕಡೆ ಕಣ್ಣಾಡಿಸಿ. ತಿಂದ ಲೆಕ್ಕ ಮೊದಲು; ಹಂಚಿಕೊಂಡು ತಿಂದಾಗ ಇಬ್ಬರಲ್ಲವಾ ಎಂದು ಎರಡೆರಡು ಹಾಕಿಬಿಡುವುದು ಉಂಟು, ಬೇಕೆಂದಲ್ಲ, ಅಭ್ಯಾಸಬಲ. ಆಮೇಲೆ ಜಿಎಸ್‌ಟಿ: ಸಾಮಾನ್ಯ ಹೋಟೆಲ್‌ಗಳಲ್ಲಿ, ಎಸಿ ಇರಲಿ ಬಿಡಲಿ, ಶೇ. 5, ಅಂದರೆ ಕೇಂದ್ರದ್ದು 2.5, ರಾಜ್ಯದ್ದು 2.5. ಸಣ್ಣ ವಹಿವಾಟಿನವರಿಗಿರುವ ಸರಳ ತೆರಿಗೆ ಪದ್ಧತಿಯಾದ ಕಾಂಪೊಸಿಷನ್ ಯೋಜನೆಯಲ್ಲಿರುವ ಸಣ್ಣ ಹೋಟೆಲ್‌ಗಳು ಗ್ರಾಹಕರಿಂದ ಪ್ರತ್ಯೇಕವಾಗಿ ತೆರಿಗೆ ವಸೂಲು ಮಾಡುವಂತಿಲ್ಲ. ಕೊನೆಗೆ ಸರ್ವಿಸ್ ಚಾರ್ಜ್. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ದುಡ್ಡು ಕೊಡುವ ಮುಂಚೆ ಮೆತ್ತಗೆ ತೆಗೆಯಿರಿ ಎಂದು ಹೇಳಿದರೆ ಬಹಳ ಕಡೆ ತೆಗೆದು ಹೊಸ ಬಿಲ್ ಕೊಡುತ್ತಾರೆ. ಒಪ್ಪದಿದ್ದರೆ ಬಿಲ್ಲಿನ ಫೋಟೋ ತೆಗೆದಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಬಡಿಸಿದವರ ಕೈಗೆ ಕೊಡುವ ಟಿಪ್ಸ್ ಬೇರೆ. ಅದನ್ನು ನಾವು ಯುಪಿಐಯಲ್ಲಿ ಸೇರಿಸದೆ, 20 ರೂಪಾಯಿ ನೋಟುಗಳನ್ನು ಪರ್ಸಿನಲ್ಲಿ ಬೇರೆಯಾಗಿಯೇ ಇಟ್ಟುಕೊಂಡು ಹೋಗುತ್ತೇವೆ.