ಜಿಪಿಐಬಿ ಅಡ್ರೆಸ್ ಹಾಕುವ ಮುಂಚೆ ಇಷ್ಟು ನೋಡಿಕೊಳ್ಳಿ

ಜಿಪಿಐಬಿ ಅಂದರೆ ಲ್ಯಾಬ್ ಉಪಕರಣಗಳನ್ನು ಕಂಪ್ಯೂಟರ್‌ನಿಂದ ನಡೆಸಲು ಒಂದೇ ಕೇಬಲ್ ಸಾಲಿಗೆ (ಬಸ್) ಜೋಡಿಸುವ ವ್ಯವಸ್ಥೆ. ಒಂದೇ ಜಿಪಿಐಬಿ ಬಸ್‌ಗೆ ಮೀಟರು, ಪವರ್ ಸಪ್ಲೈ, ಸ್ಕೋಪು ಎಲ್ಲ ಸೇರಿಸುವಾಗ ಪ್ರತಿಯೊಂದಕ್ಕೂ ಬೇರೆ ಅಡ್ರೆಸ್ ಬೇಕು. 0ರಿಂದ 30ರವರೆಗೆ ಕೊಡಬಹುದು. ಆದರೆ 0 ಮತ್ತು 21 ಬಿಟ್ಟುಬಿಡಿ. ಸಾಮಾನ್ಯವಾಗಿ ಕಂಟ್ರೋಲರೇ (ಬಸ್ ನಡೆಸುವ ಕಂಪ್ಯೂಟರ್ ಕಡೆಯ ಸಾಧನ) ಇವೆರಡರಲ್ಲಿ ಒಂದನ್ನು ಹಿಡಿದು ಕೂತಿರುತ್ತದೆ.

ಹಳೆಯ ಉಪಕರಣಗಳ ಹಿಂಬದಿಯಲ್ಲಿ ಪುಟ್ಟ ಸ್ವಿಚ್‌ಗಳ ಸಾಲು ಇರುತ್ತದೆ. ಅಡ್ರೆಸ್‌ಗೆ ಐದು ಸ್ವಿಚ್, ಬೆಲೆ 1, 2, 4, 8, 16. ಅಂದರೆ 22 ಬೇಕಾದರೆ 16, 4, 2 ಆನ್ ಮಾಡಿ. ಯಾವ ತುದಿ 1 ಅಂತ ಮ್ಯಾನ್ಯುಯಲ್ ನೋಡಿಯೇ ಮುಟ್ಟಿ, ಒಂದೊಂದರದ್ದು ಒಂದೊಂದು ರೀತಿ. ಪಕ್ಕದಲ್ಲಿ ಟಾಕ್ ಓನ್ಲಿ (ಕಳಿಸುವುದು ಮಾತ್ರ) ಸ್ವಿಚ್ ಇದ್ದರೆ ಆಫ್ ಇರಲಿ, ಇಲ್ಲದಿದ್ದರೆ ಉಪಕರಣ ಕಮಾಂಡ್ ಕೇಳುವುದೇ ಇಲ್ಲ. ಆಮೇಲೆ ಪವರ್ ಆಫ್ ಮಾಡಿ ಆನ್ ಮಾಡಿ. ಎಷ್ಟೋ ಉಪಕರಣಗಳು ಸ್ವಿಚ್ ಓದುವುದು ಆನ್ ಆಗುವಾಗ ಮಾತ್ರ. ಇದು ಗೊತ್ತಿಲ್ಲದೆ ಸುಮ್ನೆ ಕೇಬಲ್ ಬದಲಾಯಿಸುತ್ತಾ ಕೂರುವವರೇ ಜಾಸ್ತಿ!

ಮೊದಲು ಒಂದೊಂದನ್ನೇ ಜೋಡಿಸಿ ಸ್ಟಾರ್ ಐಡಿಎನ್ ಪ್ರಶ್ನೆ (*IDN?, ಅಂದರೆ ‘ನೀನು ಯಾವ ಉಪಕರಣ’ ಅಂತ ಕೇಳುವ ಕಮಾಂಡ್) ಕಳಿಸಿ. ಉಪಕರಣ 1987ರ ಐಇಇಇ 488.2 ಸ್ಟ್ಯಾಂಡರ್ಡ್‌ಗಿಂತ ಹಳೆಯದಾದರೆ ಉತ್ತರ ಬರದೇ ಇರಬಹುದು, ಕೆಟ್ಟಿದೆ ಅಂದುಕೊಳ್ಳಬೇಡಿ. ಉಪಕರಣ ರಿಮೋಟ್‌ಗೆ (ಕಂಪ್ಯೂಟರ್ ಹಿಡಿತಕ್ಕೆ) ಹೋದ ಮೇಲೆ ಮುಂಭಾಗದ ಬಟನ್‌ಗಳು ಕೆಲಸ ಮಾಡದಿದ್ದರೆ ಲೋಕಲ್ ಕೀ ಒತ್ತಿ. ಅದಕ್ಕೂ ಜಗ್ಗದಿದ್ದರೆ ನಿಮ್ಮ ಪ್ರೋಗ್ರಾಮೇ ಲೋಕಲ್ ಲಾಕೌಟ್ (ಲೋಕಲ್ ಕೀಯನ್ನೂ ಬಂದ್ ಮಾಡುವ ಕಮಾಂಡ್) ಹಾಕಿರಬಹುದು.