ಊರಲ್ಲಿ ಏನೂ ಇಲ್ಲ ಅಂತ ಬರೆಯಬೇಡಿ

ಈ ಮಳೆಗಾಲ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲೇ ಇದ್ದೇನೆ. ಅಮೆರಿಕಕ್ಕೆ ಹೊರಟಿರುವ ಹುಡುಗ ಹುಡುಗಿಯರು ವಾರಕ್ಕೆ ಒಬ್ಬರಾದರೂ ಜಗಲಿಗೆ ಬಂದು ಕೂರುತ್ತಾರೆ. ಶಿವಮೊಗ್ಗದವರು, ಹೊಸನಗರದವರು, ಕೊಪ್ಪದವರು. ಬಾಡಿಗೆ ಎಷ್ಟು, ಚಳಿಗೆ ಯಾವ ಕೋಟು, ಅಪ್ಪೆಮಿಡಿ ಉಪ್ಪಿನಕಾಯಿ ಬಿಡ್ತಾರಾ ಅಂತ ಕೇಳುತ್ತಾರೆ. ಆದಾಯ ತೆರಿಗೆ ಬಗ್ಗೆ ಮಾತ್ರ ಒಬ್ಬರೂ ಕೇಳುವುದಿಲ್ಲ. 2007ರಲ್ಲಿ ಹೊರಟಾಗ ನಾನೂ ಕೇಳಿರಲಿಲ್ಲ. ಅದರಿಂದ ಏನಾಯಿತು ಅಂತ ಹೇಳಲೇಬೇಕು.

ಸಂಬಳದ ಭಾಗ ಸುಲಭ. ಕಂಪನಿ ಜನವರಿ 31ರ ಒಳಗೆ ಡಬ್ಲ್ಯು-2 ಅನ್ನುವ ವರ್ಷದ ಸಂಬಳದ ಚೀಟಿ ಕೊಡುತ್ತದೆ. ಏಪ್ರಿಲ್ 15ಕ್ಕೆ ಫಾರ್ಮ್ 1040, ಅಂದರೆ ತೆರಿಗೆ ರಿಟರ್ನ್, ಹೋಗಬೇಕು. ಸಮಯ ಕೇಳುವ ಫಾರ್ಮ್ 4868 ಹಾಕಿದರೆ ಅಕ್ಟೋಬರ್ 15ರ ತನಕ ಟೈಮ್ ಸಿಗುತ್ತದೆ. ಆದರೆ ಅದು ಫಾರ್ಮ್ ಕೊಡಲು ಮಾತ್ರ, ದುಡ್ಡು ಕಟ್ಟಲು ಅಲ್ಲ. ಓದಲು ಹೋಗುವವರಿಗೆ ಮೊದಲ ಐದು ವರ್ಷ ಸಾಮಾನ್ಯವಾಗಿ ಅನಿವಾಸಿಗಳ ರಿಟರ್ನ್ ಆದ 1040-ಎನ್ಆರ್, ಜೊತೆಗೆ ಅಲ್ಲಿದ್ದ ದಿನಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ ಅನ್ನುವ ಫಾರ್ಮ್ 8843. ಎಲ್ಲರೂ ಬಳಸುವ ಸಾಫ್ಟ್‌ವೇರ್‌ಗಳಲ್ಲಿ ಎಷ್ಟೋ 1040-ಎನ್ಆರ್ ಮಾಡುವುದಿಲ್ಲ, ಮೊದಲೇ ನೋಡಿಕೊಳ್ಳಿ.

ಎಚ್-1ಬಿ ಕೆಲಸದ ವೀಸಾ ಮೇಲೆ ಹೋಗುವವರು ದಿನಗಳ ಲೆಕ್ಕ ಕಲಿಯಿರಿ. ಈ ವರ್ಷ ಅಲ್ಲಿದ್ದ ದಿನಗಳು ಪೂರ್ತಿ, ಹೋದ ವರ್ಷದ್ದರಲ್ಲಿ ಮೂರನೇ ಒಂದು ಪಾಲು, ಅದರ ಹಿಂದಿನ ವರ್ಷದ್ದರಲ್ಲಿ ಆರನೇ ಒಂದು ಪಾಲು. ಕೂಡಿದಾಗ 183 ಆದರೆ ತೆರಿಗೆ ಮಟ್ಟಿಗೆ ನೀವು ಅಲ್ಲಿಯವರು. ಗ್ರೀನ್ ಕಾರ್ಡ್ ಬೇಕಿಲ್ಲ. ಆಮೇಲೆ ಪ್ರಪಂಚದ ಯಾವ ಮೂಲೆಯಲ್ಲಿ ದುಡಿದ ದುಡ್ಡನ್ನೂ ಅಲ್ಲಿ ತೋರಿಸಬೇಕು.

ಈ ಕೊನೆಯ ಮಾತನ್ನು ನಾನು ಓದಿದ್ದೆ. ಓದಿಯೂ ಅದು ನನಗಲ್ಲ ಅಂದುಕೊಂಡೆ. 1040ರ ಜೊತೆ ಷೆಡ್ಯೂಲ್ ಬಿ ಅಂತ ಒಂದು ಹಾಳೆ ಇದೆ. ಅದರ ಕೆಳಗೆ ಒಂದು ಪ್ರಶ್ನೆ: ಬೇರೆ ದೇಶದ ಬ್ಯಾಂಕ್ ಖಾತೆಯಲ್ಲಿ ನಿಮ್ಮ ಹಕ್ಕು ಅಥವಾ ಸಹಿ ಇದೆಯೇ? ವರ್ಷ ವರ್ಷವೂ ಸಾಫ್ಟ್‌ವೇರ್ ಅದನ್ನು ಕೇಳಿತು. ವರ್ಷ ವರ್ಷವೂ ನಾನು 'ಇಲ್ಲ' ಒತ್ತಿದೆ. ಸುಳ್ಳು ಹೇಳಬೇಕು ಅಂತ ಅಲ್ಲ. ಊರಿನ ಖಾತೆ ಅಪ್ಪಯ್ಯನದು, ನನ್ನ ಹೆಸರು ಸುಮ್ನೆ ಜೊತೆಗಿದೆ ಅಂತ ನಂಬಿದ್ದೆ. ನಮ್ಮಲ್ಲಿ ಹಾಗೇ ಅಲ್ವಾ? ಮಗ ದೂರ ಹೋಗುತ್ತಾನೆ ಅಂದರೆ ಅಪ್ಪ ಅವನನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ ಖಾತೆಗೆ ಹೆಸರು ಸೇರಿಸುತ್ತಾರೆ. 'ನಾಳೆ ನನಗೇನಾದರೂ ಆದರೆ ತೊಂದರೆ ಆಗಬಾರದು' ಅನ್ನುತ್ತಾರೆ. ಅದು ಅವರ ಪ್ರೀತಿ. ಅದನ್ನು ಯಾರು ಆಸ್ತಿ ಅಂತ ಲೆಕ್ಕ ಹಾಕುತ್ತಾರೆ?

ಅಲ್ಲಿನ ಕಾನೂನು ಹಾಕುತ್ತದೆ. ನಿಮ್ಮ ಹೆಸರಿರುವ ಇಲ್ಲಿನ ಎಲ್ಲ ಖಾತೆ ಸೇರಿ ವರ್ಷದಲ್ಲಿ ಒಂದೇ ಒಂದು ದಿನ 10,000 ಡಾಲರ್ ದಾಟಿದರೂ ಎಫ್‌ಬಾರ್ ಅನ್ನುವ ವಿದೇಶಿ ಖಾತೆಗಳ ವರದಿ ಕೊಡಬೇಕು. ಅದು 1040ರ ಜೊತೆ ಹೋಗುವುದಿಲ್ಲ. ಫಿನ್‌ಸೆನ್ 114 ಅಂತ ಬೇರೆಯಾಗಿ ಆನ್‌ಲೈನ್‌ನಲ್ಲಿ ತುಂಬಬೇಕು. ಉಳಿತಾಯ ಖಾತೆ, ಎಫ್‌ಡಿ, ಸರೆಂಡರ್ ಮಾಡಿದರೆ ದುಡ್ಡು ಬರುವ ಎಲ್‌ಐಸಿ ಪಾಲಿಸಿ, ಎಲ್ಲ ಸೇರಿತು. ಜಂಟಿ ಖಾತೆ ಅಂತ ಅರ್ಧ ಹಿಡಿಯುವ ಹಾಗಿಲ್ಲ, ಪೂರ್ತಿ ಮೊತ್ತ ಬರೆಯಬೇಕು. ಸೊಸೈಟಿಯಿಂದ ಅಡಕೆ ದುಡ್ಡು ಬಿದ್ದ ದಿನ ನಮ್ಮ ಖಾತೆ ಆ ಗೆರೆ ದಾಟುತ್ತಿತ್ತು. ಮರುವಾರ ಕೂಲಿ, ಗೊಬ್ಬರ, ಸಾಲ ಅಂತ ಖಾಲಿಯಾಗುತ್ತಿತ್ತು. ಆ ಒಂದು ದಿನವೇ ಸಾಕು.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. 2010ರಲ್ಲಿ ಮನೆ ಪಾಲಾಯಿತು. ಒಂದು ಎಕರೆ ಚಿಲ್ಲರೆ ತೋಟದ ಪಹಣಿ ನನ್ನ ಹೆಸರಿಗೆ ಬಂತು. ನೋಡಿಕೊಳ್ಳುವವರು ಅಪ್ಪಯ್ಯನೇ. ಕೃಷಿ ಆದಾಯಕ್ಕೆ ಇಂಡಿಯಾದಲ್ಲಿ ತೆರಿಗೆ ಇಲ್ಲ, ಹಾಗಾಗಿ ಎಲ್ಲೂ ಇಲ್ಲ ಅಂದುಕೊಂಡೆ. ಮಲೆನಾಡಿನಲ್ಲಿ ಬೆಳೆದ ಯಾರೇ ಆದರೂ ಹಾಗೇ ಅಂದುಕೊಳ್ಳುತ್ತಾರೆ. ಅಡಕೆಗೆ ತೆರಿಗೆ ಅನ್ನುವ ಮಾತನ್ನು ನಾವು ಮನೆಯಲ್ಲಿ ಕೇಳಿದವರೇ ಅಲ್ಲ. ಇಲ್ಲಿ ಮಾಫಿ ಆದದ್ದು ಅಲ್ಲಿ ಮಾಫಿ ಅಲ್ಲ. ಹೊರದೇಶದಲ್ಲಿ ದುಡಿದದ್ದನ್ನು ಇಲ್ಲಿ ಇಡುವ ಎನ್ಆರ್‌ಇ ಠೇವಣಿಯ ಬಡ್ಡಿಯೂ ಹಾಗೇ. ತೋಟದ ಜಮೀನನ್ನು ಎಫ್‌ಬಾರ್‌ನಲ್ಲಿ ತೋರಿಸಬೇಕಿಲ್ಲ, ಅದರಿಂದ ಬಂದ ನಿಮ್ಮ ಪಾಲಿನ ಆದಾಯವನ್ನು 1040ರಲ್ಲಿ ತೋರಿಸಬೇಕು.

2015ರಲ್ಲಿ ಕನ್ನಡ ಕೂಟದ ಯುಗಾದಿ ಊಟದಲ್ಲಿ ಹಿರಿಯರೊಬ್ಬರು 'ಊರ ತೋಟದ್ದು ತೋರಿಸ್ತೀಯಲ್ಲ?' ಅಂತ ಕೇಳಿದರು. ಹೋಳಿಗೆ ಕೈಯಲ್ಲೇ ಉಳಿಯಿತು. ಆ ರಾತ್ರಿ ಎಫ್‌ಬಾರ್ ದಂಡದ ಮೊತ್ತ ಓದಿ ನಿದ್ದೆ ಬರಲಿಲ್ಲ. ಉದ್ದೇಶ ಇಲ್ಲದೆ ಆದ ತಪ್ಪಿಗೂ 10,000 ಡಾಲರ್ ತನಕ ಹಾಕಬಹುದಿತ್ತು.

ಸರಿಪಡಿಸಲು ದಾರಿ ಇದೆ, ದಯವಿಟ್ಟು ಹೆದರಿ ಸುಮ್ಮನೆ ಕೂರಬೇಡಿ. ಸಣ್ಣ ತಪ್ಪಾದರೆ ರಿಟರ್ನ್ ತಿದ್ದುವ ಫಾರ್ಮ್ 1040-ಎಕ್ಸ್ ಸಾಕು. ಮೊದಲು ಕೊಟ್ಟ ಲೆಕ್ಕ, ವ್ಯತ್ಯಾಸ, ಸರಿಯಾದ ಲೆಕ್ಕ ಅಂತ ಮೂರು ಕಾಲಂ, ಕೆಳಗೆ ಯಾಕೆ ಅಂತ ವಿವರಣೆ. ಮೊದಲ ರಿಟರ್ನ್ ಅಲ್ಲಿನ ತೆರಿಗೆ ಇಲಾಖೆಯವರ ಕೈಯಲ್ಲಿ ಪೂರ್ತಿ ಮುಗಿಯುವ ತನಕ ಕಾಯಿರಿ. ರೀಫಂಡ್ ಬರಬೇಕಿದ್ದರೆ ಸಾಮಾನ್ಯವಾಗಿ ಮೂರು ವರ್ಷದ ಒಳಗೆ ಹಾಕಬೇಕು. ರಾಜ್ಯದ ರಿಟರ್ನನ್ನು ಬೇರೆಯಾಗಿ ತಿದ್ದಬೇಕು, ಇದನ್ನು ಎಷ್ಟೋ ಜನ ಮರೆಯುತ್ತಾರೆ. ಕೂಡಿಸುವುದರಲ್ಲಿ ಆದ ತಪ್ಪನ್ನು ಅವರೇ ತಿದ್ದಿ ಪತ್ರ ಬರೆಯುತ್ತಾರೆ.

ನನ್ನದು ಸಣ್ಣದಲ್ಲ. ಸ್ಟ್ರೀಮ್‌ಲೈನ್ಡ್ ಅಂತ ಕರೆಯುವ ದಾರಿ ಹಿಡಿದೆ. ಉದ್ದೇಶಪೂರ್ವಕ ಅಲ್ಲದ ತಪ್ಪಿಗೆ, ಅವರು ತನಿಖೆ ಶುರು ಮಾಡುವ ಮೊದಲೇ ನಾವಾಗಿ ಹೋದರೆ ಅದು ಸಿಗುತ್ತದೆ. ಮೂರು ವರ್ಷದ ರಿಟರ್ನ್ ತಿದ್ದಿ, ಪ್ರತಿಯೊಂದರ ಮೇಲೂ ಕೆಂಪು ಶಾಯಿಯಲ್ಲಿ ಆ ದಾರಿಯ ಹೆಸರು ಬರೆದು ಕಳಿಸಿದೆ. ಆರು ವರ್ಷದ ಎಫ್‌ಬಾರ್ ಕೊಟ್ಟೆ. ತೆರಿಗೆ, ಬಡ್ಡಿ, ಅದರ ಜೊತೆಗೆ 5% ದಂಡ. ತೋರಿಸದೆ ಬಿಟ್ಟ ಖಾತೆಗಳ ವರ್ಷದ ಕೊನೆಯ ಮೊತ್ತಗಳಲ್ಲಿ ಅತಿ ಹೆಚ್ಚಿನದು ಯಾವುದೋ ಅದರ ಮೇಲೆ ಈ ದಂಡ. ಜೊತೆಗೆ ಫಾರ್ಮ್ 14654ರಲ್ಲಿ ಯಾಕೆ ಹೀಗಾಯಿತು ಅಂತ ನನ್ನ ಮಾತಿನಲ್ಲೇ ಬರೆಯಬೇಕಿತ್ತು. ಅಪ್ಪಯ್ಯ ಯಾಕೆ ಹೆಸರು ಸೇರಿಸಿದರು, ಪಾಲು ಅಂದರೇನು, ಅಡಕೆ ಅಂದರೇನು ಅಂತ ಇಂಗ್ಲಿಷಿನಲ್ಲಿ ಬರೆಯುತ್ತಾ ಎರಡು ಭಾನುವಾರ ಕಳೆದೆ. ಇಂಥ ದೊಡ್ಡ ತಪ್ಪಾದರೆ ಬಲ್ಲವರಿಗೆ ಫೀಸು ಕೊಟ್ಟು ತೋರಿಸಿ. ನಾನು ತೋರಿಸಿದೆ.

ತೋಟದ ಆದಾಯದಲ್ಲಿ ಖರ್ಚು ಕಳೆಯಲು ಲೆಕ್ಕ ಬೇಕಾಯಿತು. ಆಗ ಕೈಹಿಡಿದದ್ದು ಅಪ್ಪಯ್ಯನ ಲೆಕ್ಕದ ಪುಸ್ತಕ. ಕೊಳೆರೋಗಕ್ಕೆ ಎರಡು ಸಲ ಬೋರ್ಡೋ ಹೊಡೆಸಿದ್ದು, ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡನ ಕೂಲಿ, ಸುಲಿಸಿದ್ದು, ಬೇಯಿಸಲು ಕಟ್ಟಿಗೆ, ಎಲ್ಲ ಇತ್ತು. ತಾರೀಕು ಮಾತ್ರ ಇರಲಿಲ್ಲ. 'ಶಿವರಾತ್ರಿ ಕಳೆದ ಮೇಲೆ', 'ಎಳ್ಳಮಾವಾಸ್ಯೆ ಜಾತ್ರೆಗೆ ಮುಂಚೆ' ಅಂತ ಇತ್ತು. ಅಲ್ಲಿನ ತೆರಿಗೆ ವರ್ಷ ಜನವರಿಯಿಂದ ಡಿಸೆಂಬರ್. ಎಳ್ಳಮಾವಾಸ್ಯೆ ಒಂದು ವರ್ಷ ಡಿಸೆಂಬರಿನಲ್ಲಿ, ಇನ್ನೊಂದು ವರ್ಷ ಜನವರಿಯಲ್ಲಿ. ಪಂಚಾಂಗ ಇಟ್ಟುಕೊಂಡು ಫೋನಿನಲ್ಲಿ ಅಪ್ಪಯ್ಯನ ಜೊತೆ ಒಂದೊಂದೇ ಸಾಲು ಕೂರಿಸಿದೆ. ಅಷ್ಟು ಹೊತ್ತು ನಾವಿಬ್ಬರೂ ಮಾತಾಡಿದ್ದು ಎಷ್ಟೋ ವರ್ಷದ ಮೇಲೆ. ಯಾವ ಮರ ಬಿತ್ತು, ಯಾರು ಕೆಲಸ ಬಿಟ್ಟು ಬೆಂಗಳೂರಿಗೆ ಹೋದರು, ಎಲ್ಲ ಆಗಲೇ ಗೊತ್ತಾಯಿತು.

ಅದೇ ಚಳಿಗಾಲ ಅವಲಂಬಿತರ ಕಾಲಂನಲ್ಲಿ ಅಪ್ಪಯ್ಯ ಅಮ್ಮನ ಹೆಸರು ಬರೆಯಬಹುದಾ ಅಂತ ವಿಚಾರಿಸಿದೆ. ತಿಂಗಳು ತಿಂಗಳು ದುಡ್ಡು ಕಳಿಸುತ್ತಿದ್ದೆ. ಆಗುವುದಿಲ್ಲ ಅಂದರು. ಅಲ್ಲಿಯ ನಾಗರಿಕರೋ ನಿವಾಸಿಗಳೋ ಆಗಿರಬೇಕು, ಇಲ್ಲವೇ ಕೆನಡಾ ಮೆಕ್ಸಿಕೋದಲ್ಲಿರಬೇಕು. ಅವರ ಖಾತೆ ನನ್ನದಾಯಿತು, ಅವರು ನನ್ನವರಾಗಲಿಲ್ಲ. ನಿಯಮ ಅಂತ ಒಪ್ಪಿಕೊಂಡೆ, ಆದರೆ ಆ ನೋವು ಹೋಗಿಲ್ಲ. ನೀವೂ ಬರೆಯಬೇಡಿ, ತಿದ್ದಬೇಕಾಗುತ್ತದೆ.

ಅಪ್ಪಯ್ಯ 2019ರಲ್ಲಿ ಹೋದರು. ಪುಸ್ತಕಗಳು ಈಗ ನನ್ನ ಎದುರಿಗಿವೆ. ಮಗಳಿಗೆ ಕನ್ನಡ ಮಾತು ಬರುತ್ತದೆ, ಓದು ಬರುವುದಿಲ್ಲ. ಶನಿವಾರದ ಕನ್ನಡ ಕ್ಲಾಸಿಗೆ ಕಳಿಸದೆ ಈಜು, ಚೆಸ್ ಅಂತ ಓಡಾಡಿಸಿದವನು ನಾನೇ. ಪಹಣಿ ನಾಳೆ ಅವಳ ಹೆಸರಿಗೆ ಬರುತ್ತದೆ, ಅಜ್ಜನ ಪುಸ್ತಕವನ್ನು ಅವಳು ಓದಲಾರಳು. ಈ ಸಲ ದಿನಕ್ಕೆ ಒಂದು ಪುಟದಂತೆ ಓದಿಸುತ್ತಿದ್ದೇನೆ. ಅಂಕಿ ಬೇಗ ಹಿಡಿದಳು. 'ಕೊಳೆರೋಗ' ಅನ್ನುವುದನ್ನು ನಿನ್ನೆ ಕೂಡಿಸಿ ಓದಿದಳು.

ಹೊರಡುವ ಮೊದಲು ಇಷ್ಟು ಮಾಡಿ. ನಿಮ್ಮ ಹೆಸರಿರುವ ಪ್ರತಿ ಪಾಸ್‌ಬುಕ್, ಎಫ್‌ಡಿ, ಪಾಲಿಸಿ, ಪಹಣಿಯ ಫೋಟೋ ತೆಗೆದುಕೊಳ್ಳಿ. ಉಳಿತಾಯ ಖಾತೆಯನ್ನು ಎನ್ಆರ್‌ಒ, ಅಂದರೆ ಅನಿವಾಸಿಗಳ ಖಾತೆ, ಮಾಡಿಸಿ. ಬಡ್ಡಿಗೆ ಇಲ್ಲಿ ಟಿಡಿಎಸ್ ಹಿಡಿದಿದ್ದರೆ ಚೀಟಿ ಇಟ್ಟುಕೊಳ್ಳಿ, ಅಲ್ಲಿನ ತೆರಿಗೆಯಲ್ಲಿ ಫಾರ್ಮ್ 1116 ಮೂಲಕ ಕಳೆಯಲು ಬೇಕು. ಮ್ಯೂಚುವಲ್ ಫಂಡ್ ಇದ್ದರೆ ಹೋಗುವ ಮೊದಲೇ ವಿಚಾರಿಸಿ, ಅದಕ್ಕೆ ಫಾರ್ಮ್ 8621 ಅಂತ ಬೇರೆಯೇ ತಾಪತ್ರಯ. ಮನೆಯಲ್ಲಿ ಲೆಕ್ಕ ಬರೆಯುವವರ ಪಕ್ಕ ಒಂದು ಸಂಜೆ ಕೂತು, ಹಬ್ಬದ ಹೆಸರಿನ ಜೊತೆ ತಾರೀಕನ್ನೂ ಹಾಕಿ ಅಂತ ಕೇಳಿಕೊಳ್ಳಿ.