ಎಸ್‌ಸಿಎನ್‌1ಎ ರಿಪೋರ್ಟ್ ಓದೋದು ಹೇಗೆ

ಎಸ್‌ಸಿಎನ್‌1ಎ ಒಂದು ಜೀನಿನ ಹೆಸರು, ಅದರಲ್ಲಿ ಬದಲಾವಣೆಯಾದರೆ ಮಕ್ಕಳಿಗೆ ಫಿಟ್ಸ್ ಬರಬಹುದು. ಅದರ ಟೆಸ್ಟ್ ರಿಪೋರ್ಟ್ ಕೈಗೆ ಬಂದಾಗ ಮೊದಲು ರಿಸಲ್ಟ್ ಇರುವ ಸಾಲು ಹುಡುಕಿ, ಉಳಿದ ಪುಟಗಳನ್ನು ಆಮೇಲೆ ಓದಿದರಾಯಿತು. ನನ್ನ ಮಗಳ ರಿಪೋರ್ಟಿನಲ್ಲಿ ಹೀಗಿತ್ತು: ಎಸ್‌ಸಿಎನ್‌1ಎ, ಸಿ.2134ಸಿ>ಟಿ, ಪಿ.ಆರ್ಗ್712ಟರ್, ಹೆಟೆರೋಜೈಗಸ್, ಪ್ಯಾಥೋಜೆನಿಕ್.

‘ಸಿ.’ ಇರುವುದು ಜೀನಿನ ಅಕ್ಷರಕ್ಕೆ. 2134ನೇ ಜಾಗದಲ್ಲಿ ಸಿ ಇರಬೇಕಿತ್ತು, ಟಿ ಬಂದಿದೆ. ‘ಪಿ.’ ಪ್ರೋಟೀನಿಗೆ. 712ನೇ ಜಾಗದಲ್ಲಿ ಆರ್ಜಿನೈನ್ ಸೇರಬೇಕಿತ್ತು, ಅಲ್ಲೇ ‘ನಿಲ್ಲಿಸು’ (ಟರ್) ಅನ್ನುವ ಸೂಚನೆ ಬಂತು. ಪೂರ್ತಿ ಪ್ರೋಟೀನಿನಲ್ಲಿ 2009 ಅಮೈನೋ ಆಮ್ಲಗಳಿರುತ್ತವೆ. ಹೆಟೆರೋಜೈಗಸ್ ಅಂದರೆ ಜೀನಿನ ಎರಡು ಪ್ರತಿಗಳಲ್ಲಿ ಒಂದರಲ್ಲಿ ಮಾತ್ರ ಈ ಬದಲಾವಣೆ ಇದೆ. ಪ್ಯಾಥೋಜೆನಿಕ್ ಅಂದರೆ ಕಾಯಿಲೆ ತರುವಂಥದ್ದು.

ಈ ಪ್ರೋಟೀನ್ ನರಕೋಶದ ಪೊರೆಯಲ್ಲಿರುವ ಸೋಡಿಯಂ ಬಾಗಿಲು. ಅದು ತೆರೆದರೆ ಸೋಡಿಯಂ ಒಳಗೆ ನುಗ್ಗಿ ಸಿಗ್ನಲ್ ಹುಟ್ಟುತ್ತದೆ. ಹಾಗಾದರೆ ಬಾಗಿಲು ಕಡಿಮೆಯಾದಾಗ ಮಿದುಳು ತಣ್ಣಗಾಗಬೇಕಿತ್ತು, ಅಲ್ವಾ? ಫಿಟ್ಸ್ ಯಾಕೆ? ಈ ಬಾಗಿಲನ್ನು ಹೆಚ್ಚು ನೆಚ್ಚಿಕೊಂಡಿರುವುದು ಬೇರೆ ನರಕೋಶಗಳನ್ನು ತಡೆದು ಹಿಡಿಯುವ ಕೋಶಗಳು. ಅವು ಸೋತರೆ ತಡೆಯುವವರೇ ಇಲ್ಲ.

ಇದು ಅರ್ಥವಾದರೆ ಔಷಧದ ವಿಷಯವೂ ಅರ್ಥವಾಗುತ್ತದೆ. ಕಾರ್ಬಮಜೆಪಿನ್, ಆಕ್ಸ್‌ಕಾರ್ಬಜೆಪಿನ್, ಲ್ಯಾಮೋಟ್ರಿಜಿನ್, ಫೆನಿಟಾಯಿನ್ ಇವೆಲ್ಲ ಸೋಡಿಯಂ ಬಾಗಿಲನ್ನೇ ಮುಚ್ಚುವ ಮಾತ್ರೆಗಳು. ಡ್ರಾವೆ ಸಿಂಡ್ರೋಮ್ (ಹೆಚ್ಚಾಗಿ ಈ ಜೀನಿನ ಬದಲಾವಣೆಯಿಂದ ಎಳೆವಯಸ್ಸಿನಲ್ಲೇ ಶುರುವಾಗುವ ತೀವ್ರ ಫಿಟ್ಸ್ ಕಾಯಿಲೆ) ಇರುವ ಮಕ್ಕಳಲ್ಲಿ ಇವು ಫಿಟ್ಸ್ ಜಾಸ್ತಿ ಮಾಡಬಹುದು. ಮಗುವಿನ ಚೀಟಿಯಲ್ಲಿ ಈ ಹೆಸರು ಕಂಡರೆ ಅದೇ ದಿನ ನರರೋಗ ಡಾಕ್ಟರಿಗೆ ರಿಪೋರ್ಟ್ ತೋರಿಸಿ. ದಯವಿಟ್ಟು ನೀವೇ ಮಾತ್ರೆ ನಿಲ್ಲಿಸಬೇಡಿ. ದಿಢೀರನೆ ನಿಲ್ಲಿಸುವುದೂ ಅಪಾಯ. ಅಪರೂಪಕ್ಕೆ ಬಾಗಿಲು ಅತಿಯಾಗಿ ತೆರೆಯುವಂಥ ಬದಲಾವಣೆಗಳೂ ಇವೆ, ಅಲ್ಲಿ ಲೆಕ್ಕವೇ ಬೇರೆ. ಆದ್ದರಿಂದ ‘ಇದು ಯಾವ ಥರದ್ದು?’ ಅಂತ ಕೇಳಿಯೇ ಕೇಳಿ. ಮಗುವನ್ನು ತುರ್ತು ವಿಭಾಗಕ್ಕೆ ಒಯ್ಯುವಾಗ, ಫಿಟ್ಸ್ ಜಾಸ್ತಿ ಮಾಡಬಹುದಾದ ಈ ಔಷಧಗಳ ಪಟ್ಟಿ ಜೊತೆಗಿರಲಿ. ಅಲ್ಲಿನ ಡಾಕ್ಟರಿಗೆ ಮಗುವಿನ ಹಿನ್ನೆಲೆ ಗೊತ್ತಿರುವುದಿಲ್ಲ.

ಕೊನೆಯ ಕಾಲಮ್ಮಿನಲ್ಲಿ ‘ಅರ್ಥ ಅನಿಶ್ಚಿತ’ ಅಂತಿದ್ದರೆ ಆ ಒಂದು ಸಾಲಿನ ಮೇಲೆ ಕಾಯಿಲೆ ತೀರ್ಮಾನ ಮಾಡಬೇಡಿ. ಒಂದೆರಡು ವರ್ಷ ಬಿಟ್ಟು ಮತ್ತೆ ಪರಿಶೀಲಿಸಲು ಲ್ಯಾಬಿಗೆ ಕೇಳಿ. ಹೊಸ ಮಾಹಿತಿ ಬಂದರೆ ವರ್ಗ ಬದಲಾಗಬಹುದು.

ಅಪ್ಪ ಅಮ್ಮನ ಟೆಸ್ಟನ್ನೂ ಮಾಡಿಸಿ. ಡ್ರಾವೆಯಲ್ಲಿ ಈ ಬದಲಾವಣೆ ಹೆಚ್ಚಾಗಿ ಮಗುವಿನಲ್ಲೇ ಹೊಸದಾಗಿ ಆಗಿರುತ್ತದೆ, ಯಾರ ತಪ್ಪೂ ಅಲ್ಲ. ಆದರೆ ಕೆಲವೊಮ್ಮೆ ತಂದೆ ಅಥವಾ ತಾಯಿಯ ಕೆಲವು ಕೋಶಗಳಲ್ಲಿ ಮಾತ್ರ ಅದು ಅಡಗಿರುತ್ತದೆ, ಮಾಮೂಲಿ ಟೆಸ್ಟಿಗೆ ಸಿಗದಿರಬಹುದು. ಇನ್ನೊಂದು ಮಗು ಬೇಕೆಂದಿದ್ದರೆ ಅದಕ್ಕೆ ಮೊದಲೇ ಜೆನೆಟಿಕ್ ಕೌನ್ಸೆಲರ್ ಹತ್ತಿರ ಈ ಮಾತು ಎತ್ತಿ.